ಎರಡಿಂಚು ನಳಿಗೆಯ ಬೆಲೆ

ನಮ್ಮ ಸಕಲೇಶಪುರದ ಕಡೆ ಕಾಫಿ ತೋಟದ ಮನೆಗಳಲ್ಲಿ ಕೋವಿಯ ಮಾತು ಬಂದರೆ ಅದು ಹಂದಿಯ ಮಾತೇ ಆಗಿರುತ್ತಿತ್ತು. ಗದ್ದೆಗೆ ಇಳಿಯುವ ಹಂದಿಯನ್ನು ಬೆದರಿಸಲು ಒಂದು ಜೋಡು ನಳಿಗೆ ಕೋವಿ, ಅದಕ್ಕೊಂದು ಲೈಸೆನ್ಸು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಳ್ಳಬೇಕು. ದೊಡ್ಡಪ್ಪನ ಮನೆಯಲ್ಲಿ ಕೋವಿಯ ಜೊತೆಗೆ ಒಂದು ರಿವಾಲ್ವರ್ ಕೂಡ ಇತ್ತು. ಅದು ಹಂದಿಗೆ ಸೇರಿದ್ದಲ್ಲ, ಬಟವಾಡೆಯ ದಿನಕ್ಕೆ ಸೇರಿದ್ದು.

ಆಗೆಲ್ಲ ಆಳುಗಳ ಸಂಬಳವನ್ನು ವಾರಕ್ಕೊಮ್ಮೆ ನಗದಾಗಿಯೇ ಕೊಡುತ್ತಿದ್ದರು. ಕೊಯ್ಲಿನ ಕಾಲದಲ್ಲಿ ಆ ಮೊತ್ತ ದೊಡ್ಡದಾಗುತ್ತಿತ್ತು. ಪೇಟೆಯ ಬ್ಯಾಂಕಿನಿಂದ ಹಣ ಬಿಡಿಸಿಕೊಂಡು, ಎರಡೂ ಕಡೆ ಕಾಡಿರುವ ಮಣ್ಣು ರಸ್ತೆಯಲ್ಲಿ ಜೀಪು ಓಡಿಸಿಕೊಂಡು ಬರಬೇಕು. ಆ ದಾರಿಗಾಗಿ ದೊಡ್ಡಪ್ಪ 1960ರ ದಶಕದಲ್ಲಿ ಮುಂಬಯಿಯ ಅಂಗಡಿಯೊಂದರಿಂದ ಅದನ್ನು ತರಿಸಿದ್ದರು: ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 30, .32 ಬೋರ್, ಆರು ಗುಂಡಿನದು, ನಳಿಗೆ ಎರಡೇ ಇಂಚು. ಮೊಂಡು ಮೂತಿಯ ಆ ಪುಟ್ಟ ರಿವಾಲ್ವರ್ ಕೋಟಿನ ಒಳಜೇಬಿನಲ್ಲಿ ಕೂರುತ್ತಿತ್ತು. ನಾವು ಮಕ್ಕಳು ಅದನ್ನು ಮುಟ್ಟಿದ್ದಿಲ್ಲ. ದೊಡ್ಡಪ್ಪ ಅದನ್ನು ಯಾರಿಗೂ ಹೊರತೆಗೆದು ತೋರಿಸುತ್ತಿರಲಿಲ್ಲ.

2021ರಲ್ಲಿ ಅವರು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ದೊಡ್ಡಮ್ಮ ನನ್ನನ್ನು ಕರೆದು, "ಮಗಾ, ಅವರಿದ್ದಾಗ ಅದು ಅವರ ಜವಾಬ್ದಾರಿ ಆಗಿತ್ತು. ಈಗ ಮನೇಲಿ ಇಟ್ಕೋಬಾರ್ದು ಕಣೆ. ಒಂದು ದಾರಿ ಮಾಡು" ಎಂದರು. ಕಾನೂನು ಹೇಳುವುದೂ ಅದನ್ನೇ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆಯುಧವನ್ನು ಹತ್ತಿರದ ಠಾಣೆಗಾಗಲಿ, ಲೈಸೆನ್ಸು ಇರುವ ವ್ಯಾಪಾರಿಯ ಬಳಿಯಾಗಲಿ ಠೇವಣಿ ಇಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ, ಹಾಗೆ ಇಟ್ಟದ್ದನ್ನು ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಹಕ್ಕಿರುವ ಇನ್ನೊಬ್ಬರಿಗೆ ಮಾರಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಎರಡೂ ಆಗದಿದ್ದರೆ ಅದು ಸರ್ಕಾರದ ವಶಕ್ಕೆ ಹೋಗುತ್ತದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಗಡಿಯ ಈಚೆ ಕಡೆ ಇರುವ ನಮಗೆ ಆ ಅನುಕೂಲವಿಲ್ಲ.

ಕೋವಿ ತೋಟಕ್ಕೆ ಬೇಕಿತ್ತು, ಅದನ್ನು ನನ್ನ ತಮ್ಮ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ. ರಿವಾಲ್ವರನ್ನು ಮಾರುವುದೆಂದು ತೀರ್ಮಾನವಾಯಿತು. ಎರಡನ್ನೂ ಮೈಸೂರಿನ ಒಬ್ಬ ಲೈಸೆನ್ಸುದಾರ ವ್ಯಾಪಾರಿಯಲ್ಲಿ ಠೇವಣಿ ಇಟ್ಟೆವು. ಆಮೇಲೆ ಎದ್ದ ಪ್ರಶ್ನೆ: ಇದರ ಬೆಲೆ ಎಷ್ಟು?

ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನು ಮಾಡಿದೆ. ಅಲ್ಲಿ ಹಳೆಯ ಬಂದೂಕುಗಳ ಬೆಲೆಗೆ ವರ್ಷ ವರ್ಷ ಹೊಸದಾಗಿ ಬರುವ 'ಬ್ಲೂ ಬುಕ್' ಎಂಬ ದಪ್ಪ ಪುಸ್ತಕವಿದೆ. ಪ್ರತಿ ಮಾದರಿಗೂ, ಮೈಬಣ್ಣ ನೂರಕ್ಕೆ ಎಷ್ಟು ಉಳಿದಿದೆ ಎಂಬ ಲೆಕ್ಕದ ಮೇಲೆ, ಸಾಲು ಸಾಲಾಗಿ ಬೆಲೆ ಹಾಕಿರುತ್ತಾರೆ. ಅವನು ವಿಚಾರಿಸಿ ಹೇಳಿದ್ದು: "ಅಕ್ಕಾ, ಇಲ್ಲಿ ಅದಕ್ಕೆ ಕೆಲವು ನೂರು ಡಾಲರ್ ಅಷ್ಟೇ. .32ನ್ನು ಇಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ." ಮೈಸೂರಿನ ವ್ಯಾಪಾರಿ ಮೊದಲ ಮಾತಿನಲ್ಲೇ ಅದರ ಹಲವು ಪಟ್ಟು ಹೇಳಿದರು: ಒಂದೂವರೆ ಲಕ್ಷ ರೂಪಾಯಿ. ಒಂದೇ ಕಾರ್ಖಾನೆಯ ಒಂದೇ ಮಾದರಿ ಎರಡು ದೇಶಗಳಲ್ಲಿ ಇಷ್ಟು ಬೇರೆ ಬೇರೆ ತೂಗುವುದೇಕೆ ಎಂಬುದು ಅರ್ಥವಾಗದೆ ನಾನು ಯಾವ ಬೆಲೆಗೂ ಒಪ್ಪುವಂತಿರಲಿಲ್ಲ. ದೊಡ್ಡಮ್ಮನಿಗೆ ಲೆಕ್ಕ ಹೇಳಬೇಕಾದವಳು ನಾನು.

ಕಾರಣ ಹುಡುಕುತ್ತ ಹೋದಾಗ ಈ ಮೊಂಡು ರಿವಾಲ್ವರುಗಳ ಕಥೆ ತಿಳಿಯಿತು. ಕೋಲ್ಟ್ ಕಂಪನಿ 1927ರಲ್ಲಿ 'ಡಿಟೆಕ್ಟಿವ್ ಸ್ಪೆಷಲ್' ಎಂಬ ಎರಡಿಂಚು ನಳಿಗೆಯ, ಆರು ಗುಂಡಿನ ರಿವಾಲ್ವರ್ ತಂದಿತು. ಸಮವಸ್ತ್ರವಿಲ್ಲದೆ ಓಡಾಡುವ ಪತ್ತೇದಾರರಿಗೆ ಉಡುಪಿನಡಿ ಉಬ್ಬು ಕಾಣದ ಆಯುಧ ಬೇಕಿತ್ತು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಐದು ಗುಂಡಿನ, ಇನ್ನೂ ಚಿಕ್ಕದೊಂದನ್ನು ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಪ್ರದರ್ಶಿಸಿತು. ಅದಕ್ಕೆ 'ಚೀಫ್ಸ್ ಸ್ಪೆಷಲ್' ಎಂದೇ ಹೆಸರಾಯಿತು. ಹೆಸರು ಮಾಡಿದ ಇವೆರಡೂ ಮುಖ್ಯವಾಗಿ .38 ಬೋರಿನವು. ನಮ್ಮ ದೇಶದಲ್ಲಿ .38 ನಿಷೇಧಿತ ಬೋರುಗಳ ಪಟ್ಟಿಯಲ್ಲಿದೆ; .455 ರಿವಾಲ್ವರು, 9 ಎಂಎಂ ಪಿಸ್ತೂಲುಗಳದೂ ಅದೇ ಗತಿ. ಸಾಮಾನ್ಯ ಲೈಸೆನ್ಸಿನ ಮೇಲೆ ಅವನ್ನು ಕೊಳ್ಳುವಂತಿಲ್ಲ. ಹೀಗಾಗಿ, ಅಮೆರಿಕದಲ್ಲಿ ಮೂಲೆ ಹಿಡಿದಿರುವ .32, 1896ರಷ್ಟು ಹಿಂದೆ ಹುಟ್ಟಿದ ಆ ಮೆದು ಹೊಡೆತದ ತೋಟಾ, ಇಲ್ಲಿ ರಿವಾಲ್ವರಿನ ಲೈಸೆನ್ಸು ಇರುವವರಿಗೆಲ್ಲ ಮುಖ್ಯ ಆಯ್ಕೆಯಾಗಿ ನಿಂತಿದೆ.

ಇದರ ಮೇಲೆ ಇನ್ನೊಂದು ಕಾರಣ. 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ನಿಂತುಹೋಯಿತು. ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಂಥ ಕೆಲವರಿಗಷ್ಟೇ ಅದರಿಂದ ವಿನಾಯಿತಿ. ಅದಕ್ಕಿಂತ ಮೊದಲು ಬಂದವು ಎಷ್ಟಿವೆಯೋ ಅಷ್ಟೇ. ಸವೆದು ಮೂಲೆಗೆ ಬೀಳುವುದರಿಂದ ಅವು ಕಡಿಮೆಯಾಗುತ್ತಲೇ ಹೋಗುತ್ತವೆ. ದೇಶದೊಳಗೆ ತಯಾರಾಗುವವುಗಳಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬಹುಕಾಲ ಪ್ರಮುಖವಾಗಿತ್ತು. 2014ರಲ್ಲಿ ಕಾನ್ಪುರದಿಂದಲೇ, ಮಹಿಳೆಯರಿಗೆಂದು, ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ಬಂದಾಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಹೊಸ ದೇಶಿ ರಿವಾಲ್ವರಿಗೇ ಅಷ್ಟಾದರೆ ಹಳೆಯ ವಿದೇಶಿಗೆ ಅದಕ್ಕಿಂತ ಹೆಚ್ಚು ಕೇಳುವುದು ಇಲ್ಲಿಯ ಮಾರುಕಟ್ಟೆಯ ಲೆಕ್ಕ. ನಮ್ಮ ಕೈಯಲ್ಲಿರುವ ವಸ್ತುವಿನ ಬೆಲೆಯ ಬಹುಪಾಲನ್ನು ಕಾನೂನು ಕಟ್ಟಿದೆ, ಉಳಿದದ್ದನ್ನು ಮಾತ್ರ ಕಬ್ಬಿಣ ಹೇಳಬೇಕು ಎಂದು ನನಗೆ ಆಗ ಸ್ಪಷ್ಟವಾಯಿತು.

ಕಬ್ಬಿಣ ಏನು ಹೇಳುತ್ತದೆ ಎಂದು ಓದಲು ಬಲ್ಲವರು ಬೇಕಿತ್ತು. ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಆ ಅಂಗಡಿಗೆ ಬಂದುಹೋಗುವುದಿದೆ ಎಂದು ತಿಳಿದು, ಅವರನ್ನು ಕೇಳಿಕೊಂಡೆ. ಬಂದವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಟಾರ್ಚು, ಫೀಲರ್ ಗೇಜು, ಒಂದು ಭೂತಗನ್ನಡಿ ಇಟ್ಟುಕೊಂಡು ಕುಳಿತರು. ಮೊದಲು ಸಿಲಿಂಡರನ್ನು ಹೊರಕ್ಕೆ ತೆರೆದು ಗುಂಡು ಕೂರುವ ಆರೂ ಮನೆಗಳನ್ನು ನೋಡಿದರು, ಬೆರಳಿನಿಂದ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿಸಿ, "ಖಾಲಿ ಅಂತ ಅಂಗಡಿಯವರೂ ಹೇಳಿದಾರೆ, ನಾನೂ ನೋಡ್ದೆ. ಈಗ ನೀವು ನೋಡಿ ಅಮ್ಮಾ. ಪ್ರತಿಯೊಬ್ಬರೂ ತಾವೇ ನೋಡ್ಬೇಕು" ಎಂದರು. ಮುಂದಿನ ಮಾತೆಲ್ಲ ನಡೆದದ್ದು ಅದಾದ ಮೇಲೆಯೇ.

ಸಿಲಿಂಡರ್ ತೆರೆದಾಗ ಒಳಚೌಕಟ್ಟಿನಲ್ಲಿ ಕೊರೆದ ಮಾಡೆಲ್ ಸಂಖ್ಯೆ ಕಾಣುತ್ತದೆ. ಸ್ಮಿತ್ ಅಂಡ್ ವೆಸನ್ ಹೀಗೆ ಮಾಡೆಲ್ ಸಂಖ್ಯೆ ಒತ್ತಲು ಶುರುಮಾಡಿದ್ದು 1957ರಿಂದ, ಆದ್ದರಿಂದ ಇದು ಆ ನಂತರದ್ದು. ಸಿಲಿಂಡರ್ ಬಿಡಿಸುವ ಹೆಬ್ಬೆರಳ ಗುಂಡಿ ಚಪ್ಪಟೆಯಾಗಿದೆ, 1960ರ ದಶಕದ ನಡುಭಾಗದವರೆಗೆ ಮಾತ್ರ ಹಾಗಿರುತ್ತಿತ್ತು. ಹಿಡಿಯ ತಳದಲ್ಲಿರುವ ಕ್ರಮಸಂಖ್ಯೆಯನ್ನು ಲೈಸೆನ್ಸು ಪುಸ್ತಕದಲ್ಲಿದ್ದುದರ ಜೊತೆ ಹೋಲಿಸಿದರು. ಹಿಡಿಯ ಮರದ ಬಲಹೋಳನ್ನು ಬಿಚ್ಚಿದರೆ ಅದರ ಒಳಮೈಯಲ್ಲೂ ಅದೇ ಸಂಖ್ಯೆ. ಅಂದರೆ ಮರ ಬದಲಾಗಿಲ್ಲ, ಕಾರ್ಖಾನೆಯಿಂದ ಹೊರಟ ದಿನದ ಜೊತೆಯೇ ಉಳಿದಿದೆ. ತಳದ ಸಂಖ್ಯೆಯನ್ನು ಉಜ್ಜಿದ, ಮತ್ತೆ ಕೊರೆದ ಗುರುತು ಇದ್ದಿದ್ದರೆ ಬೆಲೆಯ ಮಾತನ್ನೇ ಎತ್ತುತ್ತಿರಲಿಲ್ಲ, ನೇರ ಠಾಣೆಗೆ ಹೋಗಬೇಕಿತ್ತು ಎಂದರು.

ಆಮೇಲೆ ಬಣ್ಣ. ರಿವಾಲ್ವರಿನ ಉಕ್ಕಿಗೆ ಕೊಡುವ ಕರಿನೀಲಿ ಹೊಳಪು ಬರಿಯ ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯನ್ನೇ ರಾಸಾಯನಿಕವಾಗಿ ಬದಲಿಸಿ ಪಡೆದದ್ದು. ಸವೆದ ಕಡೆ ಬೂದು ಉಕ್ಕು ಹಣಕುತ್ತದೆ. ನಮ್ಮದರಲ್ಲಿ ಮೂತಿಯ ತುದಿ, ಸಿಲಿಂಡರಿನ ಮುಂದಂಚು, ಚೌಕಟ್ಟಿನ ಒಂದು ಮಗ್ಗುಲು ಬೆಳ್ಳಗಾಗಿದ್ದವು. ಚರ್ಮದ ಚೀಲಕ್ಕೆ ಹೋಗಿ ಬಂದು ಆದ ಸವೆತ ಅದು. ಹ್ಯಾಮರ್ ಮತ್ತು ಟ್ರಿಗರ್ ಮೇಲೆ ಕಂದು, ನೀಲಿ, ಬೂದು ಮೋಡಗಳಂಥ ಛಾಯೆ ಇತ್ತು. ಕಾರ್ಖಾನೆಯಲ್ಲಿ ಅವೆರಡನ್ನು ಬೇರೆಯೇ ಬಗೆಯಲ್ಲಿ ಗಟ್ಟಿಗೊಳಿಸುವುದರಿಂದ ಬರುವ ಬಣ್ಣ. ಹೊರಗೆ ಎಲ್ಲೋ ಪಾಲಿಶ್ ಮಾಡಿಸಿದ ರಿವಾಲ್ವರಿನಲ್ಲಿ ಎಷ್ಟೋ ಸಲ ಅವೂ ಕರಿನೀಲಿಯಾಗಿರುತ್ತವೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಸ್ಕ್ರೂ ಕೂರುವ ತೂತಿನ ಬಾಯಿ ತಗ್ಗಾಗಿರುತ್ತದೆ. ಹೊಸ ಹೊಳಪು ಕೊಟ್ಟ ಹಳೆಯ ರಿವಾಲ್ವರನ್ನು ಬಲ್ಲವರು ಕಡಿಮೆ ಬೆಲೆಗೆ ಕೇಳುತ್ತಾರೆ; ಹೊಳಪಿನ ಕೆಳಗೆ ಏನನ್ನು ಉಜ್ಜಿ ತೆಗೆದಿದ್ದಾರೋ ಎಂಬ ಅನುಮಾನ ಅವರಿಗೆ. ಮನೆಯಲ್ಲಿ ಒಬ್ಬರು, ಮಾರುವ ಮೊದಲು ಬ್ರಾಸೋ ಹಾಕಿ ಉಜ್ಜಿಸೋಣ ಎಂದಿದ್ದನ್ನು ನಾನು ಅವರಿಗೆ ಹೇಳಿದೆ. ಅವರು ಎರಡೂ ಕೈ ಎತ್ತಿ, "ದಯವಿಟ್ಟು ಬೇಡ" ಎಂದರು.

ತುಕ್ಕಿನ ವಿಷಯಕ್ಕೆ ಬಂದಾಗ ಮಲೆನಾಡು ಗೊತ್ತಿದ್ದವರ ಹಾಗೆ ಮಾತಾಡಿದರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚರ್ಮದ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಚರ್ಮ ಹದಮಾಡಿದ ಲವಣಗಳೂ ಅದರಲ್ಲಿರುತ್ತವೆ. ರಿವಾಲ್ವರನ್ನು ಅದರೊಳಗೇ ಬಿಟ್ಟರೆ ಉಕ್ಕು ಸಣ್ಣ ಸಣ್ಣ ಗುಳಿ ಬೀಳುತ್ತದೆ, ಆ ಗುಳಿ ಮತ್ತೆ ಮುಚ್ಚುವುದಿಲ್ಲ. ದೊಡ್ಡಪ್ಪ ಚೀಲವನ್ನು ಬೇರೆ, ರಿವಾಲ್ವರನ್ನು ಬೇರೆ ಇಡುತ್ತಿದ್ದುದನ್ನೂ, ಹೊಲಿಗೆ ಯಂತ್ರದ ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದುದನ್ನೂ ದೊಡ್ಡಮ್ಮ ಹೇಳಿದ್ದರು. ಹಿಡಿಯ ಮರದ ಕೆಳಗೆ ಬಟಾಣಿಯಷ್ಟು ಜಾಗದಲ್ಲಿ ಗುಳಿ ಸಿಕ್ಕಿತು, ಬೇರೆಲ್ಲೂ ಇಲ್ಲ. ಕೊಬ್ಬರಿ ಎಣ್ಣೆ ಹಾಕುವ ಮನೆಗಳಲ್ಲಿ ಅದು ಒಳಗೆ ಅಂಟಾಗಿ ಯಂತ್ರವೇ ಕಟ್ಟಿಕೊಂಡಿರುತ್ತದೆ, ಇದು ಹಾಗಾಗಿಲ್ಲ ಎಂದು ಬರೆದುಕೊಂಡರು.

ಯಂತ್ರದ ಪರೀಕ್ಷೆಯನ್ನು ನಾನು ಉಸಿರು ಹಿಡಿದು ನೋಡಿದೆ. ಒಂದು ಹೆಬ್ಬೆರಳನ್ನು ಸಿಲಿಂಡರಿನ ಮೇಲೆ ಹಗುರವಾಗಿ ಒತ್ತಿ, ಇನ್ನೊಂದರಿಂದ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆದರು. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ 'ಟಕ್' ಎಂದು ತನ್ನ ಜಾಗದಲ್ಲಿ ಕಚ್ಚಿಕೊಳ್ಳಬೇಕು. ಆರು ಮನೆಗಳಿಗೂ ಹಾಗೇ ಮಾಡಿದರು, ಆರೂ ಸಲ ಸದ್ದು ಸರಿಯಾಗಿ ಬಂತು. ಒಂದು ಮನೆ ತಡವಾಗಿ ಕಚ್ಚಿದರೂ ಗುಂಡು ನಳಿಗೆಗೆ ನೇರವಾಗಿ ಹೋಗುವ ಖಾತ್ರಿ ಇರುವುದಿಲ್ಲ, ಸೀಸದ ಚೂರು ಪಕ್ಕಕ್ಕೆ ಸಿಡಿಯಬಹುದು. ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿ, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಗೇಜಿನಿಂದ ಅಳೆದರು. ಹ್ಯಾಮರನ್ನು ಏರಿಸಿ ನಿಲ್ಲಿಸಿ, ಅದನ್ನು ತಡೆದು ಹಿಡಿದೇ ಹಿಂದಿನಿಂದ ಒತ್ತಿ ನೋಡಿದರು, ಜಾರಲಿಲ್ಲ. ಜಾರುವ ರಿವಾಲ್ವರನ್ನು ಯಾವ ಬೆಲೆಗೂ ಮಾರಕೂಡದು ಎಂಬುದು ಅವರ ನಿಯಮ.

ಕೊನೆಯಲ್ಲಿ ಟಾರ್ಚು ಹಿಡಿದು ನಳಿಗೆಯ ಒಳಗನ್ನು ತೋರಿಸಿದರು. ಸುರುಳಿ ಗೆರೆಗಳು ಮೊನಚಾಗಿ ಮಿನುಗುತ್ತಿದ್ದವು. ಸಿಲಿಂಡರಿನ ಮುಂದಿನ ಮುಖದಲ್ಲಿ, ಪ್ರತಿ ಮನೆಯ ಬಾಯಿಯ ಸುತ್ತ, ಗುಂಡು ಹಾರಿಸಿದಷ್ಟೂ ಸುಟ್ಟ ಉಂಗುರ ಕಟ್ಟುತ್ತದೆ. ಇಲ್ಲಿ ಅದು ಬಹಳ ಮಸುಕು. ಸಿಲಿಂಡರಿನ ಹೊರಮೈಯಲ್ಲಿ ತಿರುಗಿದ ಗೆರೆಯೂ ತೆಳು. ಅವರು ಭೂತಗನ್ನಡಿ ಕೆಳಗಿಟ್ಟು, "ಇದನ್ನು ತುಂಬಾ ಹೊತ್ತಿದಾರೆ ಅಮ್ಮಾ, ಹೊಡೆದಿರೋದು ಬಹಳ ಕಡಿಮೆ" ಎಂದರು.

ದೊಡ್ಡಪ್ಪನನ್ನು ಅವರು ನೋಡಿರಲಿಲ್ಲ. ಬಟವಾಡೆಯ ದಾರಿಯ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ಎರಡಿಂಚು ನಳಿಗೆಯ ಗುಣದೋಷಗಳನ್ನು ಬಿಡಿಸಿ ಹೇಳುವಾಗಲೂ ಅವರ ಮಾತು ಅಷ್ಟೇ ನೇರವಾಗಿತ್ತು. ನಳಿಗೆ ಗಿಡ್ಡವಾದಷ್ಟೂ ಗುಂಡಿನ ವೇಗ ಕುಗ್ಗುತ್ತದೆ. ಮುಂದಿನ ಗುರಿಕಡ್ಡಿಗೂ ಹಿಂದಿನ ಸೀಳಿಗೂ ಅಂತರ ಕಡಿಮೆ, ಆದ್ದರಿಂದ ಕೈಯ ಸಣ್ಣ ಅಲುಗಾಟವೂ ಗುರಿಯಲ್ಲಿ ದೊಡ್ಡ ತಪ್ಪಾಗುತ್ತದೆ. ಖಾಲಿ ತೋಟಾಗಳನ್ನು ಹೊರಗೆ ತಳ್ಳುವ ಕಡ್ಡಿಯೂ ಗಿಡ್ಡ, ಅವು ಪೂರ್ತಿ ಹೊರಬರದೆ ಉಳಿಯುವುದುಂಟು. ದೂರಕ್ಕೆ ಇದು ಉಪಯೋಗವಿಲ್ಲ. ಹತ್ತಿರದ ಅಪಾಯಕ್ಕೆ, ಬೇರೆ ದಾರಿಯೇ ಇಲ್ಲದ ಗಳಿಗೆಗೆಂದು ಮಾಡಿದ ವಸ್ತು.

ಲೈಸೆನ್ಸು ಪುಸ್ತಕದ ಹಿಂದಿನ ಪುಟಗಳನ್ನು ಅವರು ಕೇಳಿದ್ದು ಆಮೇಲೆ. ಕೊಂಡ ತೋಟಾಗಳ ನಮೂದು ಅದರಲ್ಲಿ ಇರುತ್ತದೆ. ದೊಡ್ಡಪ್ಪ ಇದರ ಜೊತೆಗೆ ಒಂದು ಉದ್ದನೆಯ ನೋಟುಬುಕ್ಕು ಇಟ್ಟಿದ್ದರು. ತೋಟದ ಲೆಕ್ಕದ ಅಚ್ಚುಕಟ್ಟಿನಲ್ಲೇ ಅದರಲ್ಲಿ ಕೊಂಡ ತಾರೀಖು, ಎಷ್ಟು ತೋಟಾ, ಎಷ್ಟು ಬಾಕಿ, ಯಾವ ಚುನಾವಣೆಗೆ ಯಾವ ದಿನ ಠಾಣೆಗೆ ಕೊಟ್ಟದ್ದು, ಯಾವ ದಿನ ಮರಳಿ ಬಂದದ್ದು ಎಲ್ಲ ಬರೆದಿದ್ದರು. ಖರ್ಚಾದ ತೋಟಾಗಳ ಎದುರು 'ಹಳತು, ಪರೀಕ್ಷೆಗೆ' ಎಂಬ ಒಂದೇ ಷರಾ. ಮನುಷ್ಯರ ಮೇಲಾಗಲಿ, ಸಂಭ್ರಮಕ್ಕಾಗಲಿ ಅದು ಒಮ್ಮೆಯೂ ಸಿಡಿದಿರಲಿಲ್ಲ. ಆರ್ಮರರ್ ಆ ಪುಸ್ತಕವನ್ನು ಓದಿ, ಸಿಲಿಂಡರಿನ ಮುಖವನ್ನು ಮತ್ತೊಮ್ಮೆ ನೋಡಿ, ತಮ್ಮ ವರದಿಯಲ್ಲಿ ಎರಡೂ ತಾಳೆಯಾಗುತ್ತವೆ ಎಂದು ಬರೆದು ಸಹಿ ಮಾಡಿದರು.

ಬೆಲೆ ಬದಲಾದದ್ದು ಆ ಅರ್ಧ ಪುಟದ ವರದಿಯಿಂದ. ವ್ಯಾಪಾರಿಯ ಮೊದಲ ಮಾತಿನಲ್ಲಿ ಮೋಸವಿರಲಿಲ್ಲ. ಅವರು ತಾವು ಕೊಂಡು, ದುರಸ್ತಿಯ ಅಪಾಯವನ್ನೂ ಗಿರಾಕಿ ಸಿಗುವ ತನಕ ಕಾಯುವ ನಷ್ಟವನ್ನೂ ಹೊತ್ತುಕೊಳ್ಳುವ ಬೆಲೆ ಹೇಳಿದ್ದರು. ನಮ್ಮ ಪರವಾಗಿಯೇ ಇಟ್ಟು, ಕಮಿಷನ್ ಪಡೆದು ಮಾರಿಕೊಡಿ ಎಂದು ಕೇಳಿದಾಗ ಲೆಕ್ಕ ಬೇರೆಯಾಯಿತು. ವರದಿ, ಮುಂಬಯಿಯ ರಸೀದಿ, ಲೈಸೆನ್ಸು ಪುಸ್ತಕ, ಲೈಸೆನ್ಸಿನ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್), ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಇವೆಲ್ಲ ಒಂದೇ ಕಡತದಲ್ಲಿ ಇದ್ದುದನ್ನು ನೋಡಿ ಅವರೇ ಮೂರು ಲಕ್ಷದ ಮೇಲೆ ಹೇಳೋಣ ಎಂದರು. 2016ರ ಹೊಸ ನಿಯಮಗಳ ಮೇಲೆ ಖಾಸಗಿ ಕಂಪನಿಗಳಿಗೂ ಬಂದೂಕು ತಯಾರಿಕೆಯ ಬಾಗಿಲು ತೆರೆದಿದೆ, 2020ರಲ್ಲಿ ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿಯಲ್ಲೇ ತಯಾರಾಗತೊಡಗಿದೆ; ಹಳೆಯವುಗಳ ಬೆಲೆ ಇನ್ನು ಏರುತ್ತಲೇ ಹೋಗುತ್ತದೆಂದು ಕಾಯಬೇಡಿ ಎಂದೂ ಎಚ್ಚರಿಸಿದರು.

ದೊಡ್ಡಮ್ಮನಿಗೆ ಮೊತ್ತ ಹೇಳಿದೆ. ಅವರು ಮೊತ್ತದ ಬಗ್ಗೆ ಏನೂ ಕೇಳಲಿಲ್ಲ. "ಯಾರಿಗೆ ಕೊಡ್ತಾರಂತೆ?" ಎಂದರು. "ಮದುವೆ ಮನೇಲಿ ಆಕಾಶಕ್ಕೆ ಹೊಡೆಯೋರಿಗೆ ಬೇಡ ಮಗಾ. ಅಂಥವರಿಗೆ ಕೊಡೋದಾದ್ರೆ ಸರ್ಕಾರಕ್ಕೇ ಹೋಗ್ಲಿ." ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಶಿಕ್ಷಾರ್ಹ ಅಪರಾಧ ಮಾಡಿದೆ, ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದೊಡ್ಡಮ್ಮನಿಗೆ ಆ ಕಲಮು ಗೊತ್ತಿರಲಿಲ್ಲ. ಸುದ್ದಿಯಲ್ಲಿ ಕೇಳಿದ ಸಾವುಗಳು ಗೊತ್ತಿದ್ದವು.

ನಾನು ಆ ಮಾತನ್ನು ಹಾಗೇ ವ್ಯಾಪಾರಿಗೆ ತಲುಪಿಸಿದೆ. ಹೆಚ್ಚು ಕೊಡುವೆನೆಂದ ಒಬ್ಬರು ಕ್ರಮಸಂಖ್ಯೆಗಿಂತ ಮೊದಲು, ಇದಕ್ಕೆ ಬೆಳ್ಳಿ ಬಣ್ಣ ಹಾಕಿಸಬಹುದೇ ಎಂದು ಕೇಳಿದ್ದರಂತೆ. ಇನ್ನೊಬ್ಬರು, ಸ್ವರಕ್ಷಣೆಗೆ ಲೈಸೆನ್ಸು ಪಡೆದಿದ್ದ ಮಧ್ಯವಯಸ್ಕರು, ಸಿಲಿಂಡರ್ ತೆರೆದು ಆರೂ ಮನೆಗಳನ್ನು ಮುಟ್ಟಿ ನೋಡಿದ ಮೇಲೆಯೇ ಮಾತು ಶುರುಮಾಡಿದರು, ಆಮೇಲೆ ನೋಟುಬುಕ್ಕಿನ ನಕಲು ಕೇಳಿದರು. ಅವರು ಹೇಳಿದ್ದು ಮೂರೂಕಾಲು ಲಕ್ಷ. ನಾವು ಅವರನ್ನೇ ಒಪ್ಪಿದೆವು. ಲೈಸೆನ್ಸುದಾರರೊಬ್ಬರು ಇನ್ನೊಬ್ಬರಿಗೆ ನೇರವಾಗಿ ಮಾರುವುದಾದರೆ ಜಿಲ್ಲಾಧಿಕಾರಿಗಳಿಗೋ ಠಾಣೆಗೋ ಬರೆದು ತಿಳಿಸಿ ನಲವತ್ತೈದು ದಿನ ಕಾಯಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮದು ಠೇವಣಿಯಿಂದ ವ್ಯಾಪಾರಿಯ ಮೂಲಕ ಹೋದ ಮಾರಾಟವಾದರೂ, ಡಿ.ಸಿ. ಕಚೇರಿಯ ಅನುಮತಿಯ ಕಾಗದ ಕೈಗೆ ಬರುವವರೆಗೆ ಯಾರೂ ಅವಸರಪಡಲಿಲ್ಲ.

ಈಗ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡು ಹಳೆಯ ಕೋವಿಯೋ ಪಿಸ್ತೂಲೋ ಉಳಿದರೆ ನನಗೆ ಫೋನು ಬರುತ್ತದೆ. ಮೊದಲು ಠೇವಣಿ ಇಡಿ, ಬೆಲೆ ಆಮೇಲೆ. ಉಜ್ಜಬೇಡಿ, ಬಣ್ಣ ಹಾಕಿಸಬೇಡಿ, ಹರಿದ ರಸೀದಿಯನ್ನೂ ಎಸೆಯಬೇಡಿ. ವ್ಯಾಪಾರಿಗೆ ಸಂಬಂಧವಿಲ್ಲದ ಒಬ್ಬ ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸಿ ಬರೆಸಿಕೊಳ್ಳಿ. ಅಮೆರಿಕದ ಬೆಲೆ ನೋಡಿ ನಿರಾಶರಾಗಬೇಡಿ, ಪಕ್ಕದ ಊರಿನಲ್ಲಿ ಯಾರೋ ಹತ್ತು ಲಕ್ಷಕ್ಕೆ ಮಾರಿದರಂತೆ ಎಂಬ ಸುದ್ದಿಯನ್ನೂ ನಂಬಬೇಡಿ. ಇಷ್ಟು ಹೇಳುತ್ತೇನೆ.

ಇದರ ಹಿಂದಿರುವ ನನ್ನ ನಂಬಿಕೆಯೂ ಒಂದಿದೆ. ಒಡವೆ, ಗಡಿಯಾರಗಳ ವಿಷಯದಲ್ಲಿ ಮನೆತನದ ಕಥೆ ಹೇಳಿ ಬೆಲೆ ಏರಿಸುವವರನ್ನು ಕಂಡಿದ್ದೇನೆ. ಆಯುಧದ ವಿಷಯದಲ್ಲಿ ಕಥೆಗೆ ಬೆಲೆ ಇರಬಾರದು, ಲೆಕ್ಕಕ್ಕೆ ಇರಬೇಕು. ದೊಡ್ಡಪ್ಪ ಒಳ್ಳೆಯವರೆಂದು ನಾನು ಎಷ್ಟು ಹೇಳಿದ್ದರೂ ಆ ಆರ್ಮರರ್ ಒಂದು ಅಕ್ಷರ ಬರೆಯುತ್ತಿರಲಿಲ್ಲ, ಬರೆಯಲೂ ಬಾರದು. ದಶಕಗಳ ಕಾಲ ಜೇಬಿನಲ್ಲಿ ಸಾವಿನ ಸಾಧ್ಯತೆಯನ್ನು ಹೊತ್ತು ಓಡಾಡಿದ ಒಬ್ಬ ಮನುಷ್ಯ ಅದನ್ನು ಬಳಸದೆ ಉಳಿದ, ಬಳಸಲಿಲ್ಲ ಎಂಬುದಕ್ಕೆ ತೋಟಾ ತೋಟಾಕ್ಕೂ ಲೆಕ್ಕ ಇಟ್ಟ. ಮಾರುಕಟ್ಟೆ ಅದನ್ನು ತನ್ನ ಭಾಷೆಯಲ್ಲಿ 'ಒಳ್ಳೆಯ ಸ್ಥಿತಿ' ಎಂದು ಕರೆದು ಹಣ ಕೊಟ್ಟಿತು. ಆ ಹಣದಲ್ಲಿ ಕಾನೂನು ಹುಟ್ಟಿಸಿದ ಕೊರತೆಯಿಂದ ಬಂದ ಪಾಲು ದೊಡ್ಡದು, ಅದು ಯಾರ ಮನೆಯ ರಿವಾಲ್ವರಿಗಾದರೂ ಸಿಗುತ್ತಿತ್ತು. ಉಳಿದ ಸಣ್ಣ ಪಾಲನ್ನು ಮಾತ್ರ ನಾನು ದೊಡ್ಡಪ್ಪನ ಸಂಪಾದನೆ ಎಂದು ತಿಳಿದಿದ್ದೇನೆ, ದೊಡ್ಡಮ್ಮನಿಗೂ ಹಾಗೆಂದೇ ಹೇಳಿದ್ದೇನೆ.